ಇ-ಸಿಗರೇಟ್ ನಿಷೇಧದ ನಂತರ: ಚಟ ಬಿಡುವವರಿಗೆ ಉಳಿದ ದಾರಿ

ಬೀದರ್ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದ ಕಾರ್ಮಿಕನೊಬ್ಬ ಬೀಡಿ ಬಿಡಬೇಕೆಂದು ಮನಸ್ಸು ಮಾಡಿದರೆ ಅವನಿಗೆ ಸಿಗುವ ನೆರವೇನು? ನಿಕೋಟಿನ್ ನಿಯಂತ್ರಣದ ಇತಿಹಾಸವನ್ನು ಈ ಪ್ರಶ್ನೆ ಹಿಡಿದೇ ನೋಡಬೇಕು.

ನಮ್ಮ ಕಾನೂನುಗಳು ಮೊದಲಿನಿಂದಲೂ ಮಾರಾಟದ ಮೇಲೆ ಕಣ್ಣಿಟ್ಟವು. 2003ರಲ್ಲಿ ತಂಬಾಕು ನಿಯಂತ್ರಣದ ಕೋಟ್ಪಾ ಕಾಯ್ದೆ ಬಂತು. 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ತಡೆ ಬಿತ್ತು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. 2016ರ ಜೂನ್‌ನಲ್ಲಿ ಇ-ಸಿಗರೇಟ್ ಮಾರಾಟವನ್ನೂ ರಾಜ್ಯ ನಿಲ್ಲಿಸಿತು. ಮೂರು ವರ್ಷ ಕಳೆದು 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸುಗ್ರೀವಾಜ್ಞೆ ಹೊರಡಿಸಿತು. ಡಿಸೆಂಬರ್‌ನಲ್ಲಿ ಅದೇ ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ನಿಷೇಧ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿ ಇ-ಸಿಗರೇಟಿನ ದ್ರವದಲ್ಲಿ ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ; ವಯಸ್ಕರು ಸಿಗರೇಟ್ ಬಿಡಲು ವೇಪ್ (ಇ-ಸಿಗರೇಟ್) ಬಳಸುವುದಕ್ಕೆ ಆರೋಗ್ಯ ಇಲಾಖೆಯೇ ನೆರವಾಗುತ್ತದೆ. ಎಳೆಯರ ಕೈ ಸೇರುತ್ತಿದ್ದ, ಬಳಸಿ ಎಸೆಯುವ ವೇಪ್‌ಗಳನ್ನು ಮಾತ್ರ 2025ರ ಜೂನ್‌ನಿಂದ ಅಲ್ಲಿ ನಿಷೇಧಿಸಲಾಗಿದೆ. ಆಸ್ಟ್ರೇಲಿಯಾ ಮಾರಾಟವನ್ನು ಔಷಧ ಅಂಗಡಿಗೇ ಸೀಮಿತಗೊಳಿಸಿತು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಇ-ಸಿಗರೇಟ್ ಬಳಸಿದವರಲ್ಲಿ ಶೇ 18 ಮಂದಿ ವರ್ಷದ ಕೊನೆಗೂ ಧೂಮಪಾನದಿಂದ ದೂರವಿದ್ದರು. ನಿಕೋಟಿನ್ ಗಮ್, ಪಟ್ಟಿ ಮುಂತಾದವನ್ನು ಬಳಸಿದವರಲ್ಲಿ ಶೇ 9.9. ಆದರೆ ವೇಪ್‌ನಿಂದ ಸಿಗರೇಟ್ ಬಿಟ್ಟವರಲ್ಲಿ ಶೇ 80 ಮಂದಿ ವೇಪ್ ಬಿಟ್ಟಿರಲಿಲ್ಲ. ಎರಡೂ ಅಂಕಿಗಳನ್ನು ಒಟ್ಟಿಗೇ ಓದಬೇಕು.

ಮಕ್ಕಳನ್ನು ಹೊಸ ಚಟದಿಂದ ಕಾಯಲು ನಿಷೇಧ ಬೇಕಿತ್ತು ಎಂಬುದೇ ನನ್ನ ನಿಲುವು. ನನ್ನ ತಕರಾರು ಬೇರೆ. ಒಂದು ಬಾಗಿಲು ಮುಚ್ಚಿದ ಸರ್ಕಾರ ಇನ್ನೊಂದನ್ನು ಅಗಲವಾಗಿ ತೆರೆಯಬೇಕಿತ್ತು. 2016–17ರ ತಂಬಾಕು ಬಳಕೆ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಧೂಮಪಾನಿ ವಯಸ್ಕರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಅಗಿಯುವವರ ಸಂಖ್ಯೆಯೇ ಇಷ್ಟು ದೊಡ್ಡದಿರುವಾಗ ವೇಪ್‌ನ ವಾದವಷ್ಟೇ ಇಟ್ಟುಕೊಂಡು ಕೂತರೆ ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ಜನಕ್ಕೆ ಏನೂ ದಕ್ಕುವುದಿಲ್ಲ.

ಇರುವ ನೆರವು ಸಣ್ಣದಲ್ಲ. 2 ಮಿಲಿಗ್ರಾಂ ನಿಕೋಟಿನ್ ಗಮ್‌ಗೆ ವೈದ್ಯರ ಚೀಟಿ ಬೇಡ. 2022ರಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿ ಸೇರಿದೆ. ಆದರೆ ಗುಟ್ಕಾ ಜಗಿದು ಅಭ್ಯಾಸವಾದವರು ಈ ಗಮ್ಮನ್ನೂ ಹಾಗೇ ಜಗಿದರೆ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಪ್ರಯೋಜನವೂ ಕಡಿಮೆ. ನಿಧಾನವಾಗಿ ಜಗಿದು, ಖಾರ ಚುರುಗುಟ್ಟಿದೊಡನೆ ಕೆನ್ನೆ-ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಇದನ್ನು ಹೇಳಿಕೊಡಲು ಒಬ್ಬರು ಬೇಕು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2018ರಿಂದ 1800-11-2356ರ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಸಲಹೆ ಕೊಡುತ್ತಿದೆ. ಆ ಸಂಖ್ಯೆಯನ್ನು ತಂಬಾಕಿನ ಪೊಟ್ಟಣಗಳ ಮೇಲೂ ಮುದ್ರಿಸಲಾಗುತ್ತದೆ, ಓದುವವರು ಕಡಿಮೆ. ಕೊಳಾರದ ಕಾರ್ಖಾನೆಗಳ ಗೇಟಿನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯ ಮೇಲೆ ಅದು ದೊಡ್ಡಕ್ಷರದಲ್ಲಿ ಇರಲಿ, ಗಮ್ ಅಲ್ಲಿಯೇ ಪುಕ್ಕಟೆ ಸಿಗಲಿ.