ಕ್ರಿಯೆಯ ಆಯ್ಕೆ: ಮಿದುಳಿನ ಗಣಕ ಮಾದರಿಗಳ ಹಿಂದಣ ಚರಿತ್ರೆ

ಮಲೆನಾಡಿನಲ್ಲಿ ನಸುಗುನ್ನಿಯ ಬಳ್ಳಿಯನ್ನು ಅರಿಯದವರು ವಿರಳ. ಅದರ ಕಾಯಿಯ ಮೇಲಣ ರೋಮ ಮೈಗೆ ತಗುಲಿದರೆ ಉಂಟಾಗುವ ತುರಿಕೆ ಶಿವಮೊಗ್ಗ, ಭದ್ರಾವತಿಗಳ ಸುತ್ತಣ ಹಳ್ಳಿಗರಿಗೆಲ್ಲ ಪರಿಚಿತವಾದುದು. ಆಯುರ್ವೇದದಲ್ಲಿ ಆತ್ಮಗುಪ್ತಾ ಎನಿಸಿಕೊಂಡ ಈ ಬಳ್ಳಿಯ ಬೀಜದಿಂದ 1937ರಲ್ಲಿ ಮದರಾಸಿನ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ಅವರು ಎಲ್-ಡೋಪ ಎಂಬ ವಸ್ತುವನ್ನು ಬೇರ್ಪಡಿಸಿದರು. ಸುಮಾರು ಮೂರು ದಶಕಗಳ ತರುವಾಯ ಅದೇ ವಸ್ತು ಪಾರ್ಕಿನ್ಸನ್ ವ್ಯಾಧಿಯ ಮುಖ್ಯ ಔಷಧವಾಯಿತು. ಗಣಕ ಮಾದರಿಗಳ ಚರಿತ್ರೆಯನ್ನು ಒಂದು ಬಳ್ಳಿಯಿಂದ ಆರಂಭಿಸುವುದು ವಿಚಿತ್ರವೆಂದು ತೋರಬಹುದು. ಆದರೆ ಮಿದುಳು ಕ್ರಿಯೆಯನ್ನು ಆರಿಸಿಕೊಳ್ಳುವ ಬಗೆಯನ್ನು ಕುರಿತ ಪ್ರಶ್ನೆ ಯಂತ್ರಶಾಲೆಗಿಂತ ಮೊದಲು ರೋಗಿಯ ಹಾಸಿಗೆಯ ಬಳಿಯಲ್ಲಿ ಹುಟ್ಟಿತೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರಶ್ನೆಯ ಸ್ವರೂಪ ಹೀಗಿದೆ. ಹಸಿದ ಪ್ರಾಣಿಗೆ ಆಹಾರ ಕಾಣುತ್ತದೆ. ಅದೇ ಕ್ಷಣದಲ್ಲಿ ಶತ್ರುವಿನ ಸದ್ದೂ ಕೇಳಿಸುತ್ತದೆ. ತಿನ್ನುವುದು, ಓಡುವುದು ಎಂಬ ಎರಡು ಕ್ರಿಯೆಗಳನ್ನು ಒಂದೇ ದೇಹ ಏಕಕಾಲದಲ್ಲಿ ಮಾಡಲಾರದು. ಒಂದು ಗೆಲ್ಲಬೇಕು, ಮತ್ತೊಂದು ಕಾದಿರಬೇಕು. ಈ ತೀರ್ಪನ್ನು ಕೊಡುವವರಾರು? ಸಿಂಹಾಸನದ ಮೇಲೆ ಕುಳಿತು ಅಪ್ಪಣೆ ಮಾಡುವ ಅರಸನೊಬ್ಬನನ್ನು ಮಿದುಳಿನೊಳಗೆ ಕಲ್ಪಿಸಿಕೊಂಡರೆ ಪ್ರಶ್ನೆ ಬಗೆಹರಿಯುವುದಿಲ್ಲ. ಆ ಅರಸನು ಹೇಗೆ ತೀರ್ಮಾನಿಸಿದನೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ಕಂಪನರೋಗವು ಈ ವಿಷಯದಲ್ಲಿ ಮಾರ್ಗದರ್ಶಕವಾಯಿತು. ರೋಗಿಗೆ ನಡೆಯುವ ಇಚ್ಛೆ ಉಂಟು, ಕಾಲಿನಲ್ಲಿ ಬಲವೂ ಉಂಟು. ಆದರೂ ಹೆಜ್ಜೆ ಹೊರಡುವುದಿಲ್ಲ. ಇಚ್ಛೆಗೂ ಸ್ನಾಯುವಿಗೂ ನಡುವೆ ಕ್ರಿಯೆಗೆ ಬಾಗಿಲು ತೆರೆಯುವ ವ್ಯವಸ್ಥೆಯೊಂದು ಇದ್ದಿರಬೇಕೆಂದು ಇದರಿಂದ ಊಹಿಸಬಹುದಾಯಿತು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಅವರು ಇಂತಹ ರೋಗಿಗಳ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯ ಎಂಬ ನರಕೋಶಸಮೂಹಗಳಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೊರತೆಯನ್ನು ತೋರಿಸಿಕೊಟ್ಟರು. ಎಲ್-ಡೋಪವು ದೇಹದಲ್ಲಿ ಡೋಪಮಿನ್ ಆಗಿ ಮಾರ್ಪಡುವ ವಸ್ತು.

ಈ ಅಧ್ಯಾಯದಲ್ಲಿ ಬೆಂಗಳೂರಿಗೂ ಸ್ಥಾನವಿದೆ. ಅಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. 1960ರ ದಶಕದಲ್ಲಿ ಅಲ್ಲಿಯ ನರಶಸ್ತ್ರವೈದ್ಯ ಆರ್. ಎಂ. ವರ್ಮ ಅವರು ತಲೆಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರವೊಂದರ ಮೂಲಕ ಮಿದುಳಿನ ಆಳವನ್ನು ತಲಪಿ ಪಾರ್ಕಿನ್ಸನ್ ರೋಗಿಗಳಿಗೆ ಚಿಕಿತ್ಸೆ ನಡೆಸುವ ವಿಧಾನವನ್ನು ರೂಪಿಸಿದರು. ಆ ಕಾಲದ ಇಂತಹ ಶಸ್ತ್ರಕ್ರಿಯೆಗಳಲ್ಲೆಲ್ಲ ಒಂದು ವಿರೋಧಾಭಾಸವಿದ್ದಿತು: ಮಿದುಳಿನ ಒಂದು ಸಣ್ಣ ಭಾಗವನ್ನು ನಿಷ್ಕ್ರಿಯಗೊಳಿಸಿದರೆ ಚಲನೆ ಕೆಡುವ ಬದಲು ಸುಧಾರಿಸುತ್ತಿತ್ತು. ತಡೆಯೊಂದನ್ನು ತೆಗೆದುದರಿಂದ ಹೀಗಾಯಿತೆಂದು ಭಾವಿಸಿದರೆ ಅದು ಅರ್ಥವಾಗುತ್ತದೆ.

ಈ ತಡೆಯ ಸ್ವರೂಪ 1983ರಲ್ಲಿ ಸ್ಪಷ್ಟವಾಯಿತು. ಹಿಕೊಸಾಕ ಮತ್ತು ವುರ್ಟ್ಸ್ ಎಂಬ ವಿಜ್ಞಾನಿಗಳು ಕೋತಿಗಳಲ್ಲಿ ಪರೀಕ್ಷೆ ನಡೆಸಿ, ಬೇಸಲ್ ಗ್ಯಾಂಗ್ಲಿಯದ ಕೆಲವು ಕೋಶಗಳು ಕಣ್ಣಿನ ಚಲನೆಯನ್ನು ಸದಾ ತಡೆಹಿಡಿದಿರುತ್ತವೆಂದೂ ಕಣ್ಣು ಹೊರಳುವ ಮುನ್ನ ಕ್ಷಣಕಾಲ ಸುಮ್ಮನಾಗುತ್ತವೆಂದೂ ಕಂಡರು. ಅಂದರೆ ಆಯ್ಕೆಯೆಂಬುದು ಅಪ್ಪಣೆ ಕೊಡುವುದಕ್ಕಿಂತ ಹೆಚ್ಚಾಗಿ ತೂಬನ್ನು ಎತ್ತುವ ಕೆಲಸವನ್ನು ಹೋಲುತ್ತದೆ. ಕೆರೆಯ ನೀರು ಮೊದಲೇ ಒತ್ತುತ್ತಿರುತ್ತದೆ. ಯಾವ ತೂಬು ತೆರೆಯಿತೋ ಆ ಗದ್ದೆಗೆ ಅದು ಹರಿಯುತ್ತದೆ.

ಗಣಿತವು ಈ ಕ್ಷೇತ್ರಕ್ಕೆ ಹೊಸದಾಗಿರಲಿಲ್ಲ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ನರಕೋಶವನ್ನು ತರ್ಕದ ಘಟಕವನ್ನಾಗಿ ಬರೆದಿದ್ದರು. 1969ರಲ್ಲಿ ಮೆಕಲಕ್ ಅವರೇ ಕಿಲ್ಮರ್ ಮತ್ತು ಬ್ಲಮ್ ಅವರೊಡನೆ ಕ್ರಿಯೆಯ ಆಯ್ಕೆಗೆ ಒಂದು ಮಾದರಿಯನ್ನೂ ರಚಿಸಿದ್ದರು. ಆದರೆ ಆಸ್ಪತ್ರೆಯ ಅರಿವೂ ಗಣಿತವೂ ನಿಕಟವಾಗಿ ಕೂಡಿದುದು ಶೆಫೀಲ್ಡಿನ ರೆಡ್‌ಗ್ರೇವ್, ಪ್ರೆಸ್ಕಾಟ್ ಮತ್ತು ಗರ್ನಿ ಅವರ 1999 ಮತ್ತು 2001ರ ಲೇಖನಗಳಲ್ಲಿ. ಅವರ ಮಾದರಿಯಲ್ಲಿ ಪ್ರತಿಯೊಂದು ಕ್ರಿಯೆಗೂ ಒಂದು ಕಾಲುವೆ. ಅದರ ತುರ್ತಿಗೆ ಒಂದು ಸಂಖ್ಯೆ. ಹೆಚ್ಚು ತುರ್ತಿನ ಕಾಲುವೆಯ ಮೇಲಣ ತಡೆ ಇಳಿಯುತ್ತದೆ, ಉಳಿದವುಗಳ ತಡೆ ಏರುತ್ತದೆ. ಡೋಪಮಿನ್ನಿನ ಪ್ರಮಾಣವನ್ನು ತಗ್ಗಿಸಿದರೆ ಆಯ್ಕೆಯೇ ಕಷ್ಟವಾಗುತ್ತದೆ. ಅತಿಯಾಗಿ ಏರಿಸಿದರೆ ಹಲವು ಕ್ರಿಯೆಗಳು ಒಮ್ಮೆಗೇ ನುಗ್ಗುತ್ತವೆ.

ಮಾದರಿಯ ಬೆಲೆ ಅದರ ಅಂದದಲ್ಲಿಲ್ಲ, ಸುಳ್ಳಾಗಬಲ್ಲ ಭವಿಷ್ಯವಾಣಿಯನ್ನು ನುಡಿಯುವುದರಲ್ಲಿದೆ. ಇದಕ್ಕೆ ಉತ್ತಮ ನಿದರ್ಶನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆದಿತ್ಯ ಮೂರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆ. ಎರಡು ಗುರಿಗಳನ್ನು ಒಂದಾದ ಮೇಲೊಂದರಂತೆ ನೋಡಬೇಕಾದಾಗ ಮಿದುಳು ಎರಡನ್ನೂ ಒಟ್ಟಿಗೇ ಸಿದ್ಧಪಡಿಸಿ, ಎರಡನೆಯದನ್ನು ಸಾಲಿನಲ್ಲಿ ನಿಲ್ಲಿಸುತ್ತದೆಂದು ಒಂದು ವರ್ಗದ ಮಾದರಿಗಳು ಹೇಳುತ್ತವೆ. ಹಾಗಾದರೆ ಸಾಲನ್ನು ಕಾಯುವ ಭಾಗ ಕೆಟ್ಟಾಗ ಎರಡು ಯೋಜನೆಗಳೂ ಬೆರೆತುಹೋಗಬೇಕು. ಪಾರ್ಕಿನ್ಸನ್ ರೋಗಿಗಳಲ್ಲಿಯೂ, ಬೇಸಲ್ ಗ್ಯಾಂಗ್ಲಿಯವನ್ನು ತಾತ್ಕಾಲಿಕವಾಗಿ ನಿಶ್ಚೇಷ್ಟಗೊಳಿಸಿದ ಕೋತಿಗಳಲ್ಲಿಯೂ ಹಾಗೆಯೇ ಆಯಿತು: ದೃಷ್ಟಿಯು ಎರಡು ಗುರಿಗಳ ನಡುವೆ ಬೀಳುವುದೂ, ಬಾಗಿದ ಹಾದಿಯಲ್ಲಿ ಸಾಗುವುದೂ, ಸರದಿ ತಪ್ಪುವುದೂ ಹೆಚ್ಚಿದವು.

ವಿಜ್ಞಾನದ ಚರಿತ್ರೆಯನ್ನು ಯಂತ್ರಗಳ ವಿಜಯಯಾತ್ರೆಯಾಗಿ ಬರೆಯುವ ಪರಿಪಾಠ ಇಂದು ಪ್ರಬಲವಾಗಿದೆ. ಮೇಲಿನ ನಿರೂಪಣೆ ಅದನ್ನು ಸಮರ್ಥಿಸುವುದಿಲ್ಲ. ಬೀಜವನ್ನು ಬಳಸಿದ ಪಂಡಿತರು, ರಸಾಯನಶಾಸ್ತ್ರಜ್ಞರು, ಶಸ್ತ್ರವೈದ್ಯರು, ಎಲ್ಲರಿಗಿಂತ ಮಿಗಿಲಾಗಿ ನಡುಗುವ ಕೈಯಿಂದಲೇ ಪರೀಕ್ಷೆಗೆ ಒಪ್ಪಿದ ರೋಗಿಗಳು ಕೂಡಿಸಿಟ್ಟ ಸಾಕ್ಷ್ಯವಿಲ್ಲದಿದ್ದರೆ ಗಣಕಕ್ಕೆ ಲೆಕ್ಕ ಹಾಕಲು ಏನೂ ಇರುತ್ತಿರಲಿಲ್ಲ. ಗಣಕವು ಕೊಟ್ಟುದು ಶಿಸ್ತನ್ನು: ಅಸ್ಪಷ್ಟವಾಗಿ ಹೇಳಿದುದನ್ನು ಪರೀಕ್ಷಿಸಬಹುದಾದಂತೆ ಹೇಳಬೇಕೆಂಬ ನಿರ್ಬಂಧವನ್ನು. ಕಣ್ಣಿನ ಒಂದು ಹೊರಳಿನಿಂದ ಮನುಷ್ಯನ ಸಂಕಲ್ಪದವರೆಗೆ ಹಾದಿ ಇನ್ನೂ ದೀರ್ಘವಾಗಿದೆ. ಚರಿತ್ರೆಯ ವಿದ್ಯಾರ್ಥಿಯೂ ತನ್ನ ಕಾರಣಮೀಮಾಂಸೆಗೆ ಅಂತಹ ಶಿಸ್ತನ್ನು ವಿಧಿಸಿಕೊಳ್ಳುವುದು ಶ್ರೇಯಸ್ಕರ.