ಕಸರಾನಿ: ಹೊಲದ ಮೇಲೆ ಎದ್ದ ಊರು

ಕಸರಾನಿಯೆಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಕ್ರೀಡಾಂಗಣ, ಅನಂತರ ಥಿಕಾ ಹೆದ್ದಾರಿಯ ವಾಹನದಟ್ಟಣೆ. ಇಂದು ಬಹುಮಹಡಿ ಕಟ್ಟಡಗಳು ಒತ್ತಾಗಿ ನಿಂತಿರುವ ಈ ನೆಲ 1963ಕ್ಕೆ ಮೊದಲು ನೈರೋಬಿಯ ಎಲ್ಲೆಯೊಳಗೆ ಇರಲೇ ಇಲ್ಲವೆಂದರೆ ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ನಂಬಲಾರರು.

ಮೊದಲು ಮಣ್ಣಿನ ಮಾತು. ನಗರದ ಪಶ್ಚಿಮಕ್ಕೆ ಕೆಮ್ಮಣ್ಣು, ಪೂರ್ವದ ಬಯಲಿಗೆ ಎರೆಮಣ್ಣು. ಕಸರಾನಿಯಿಂದ ಮ್ವಿಕಿ, ರುವಾಯ್ ಕಡೆಗೆ ಸಾಗಿದಂತೆ ಮಳೆಗಾಲದಲ್ಲಿ ಪಾದರಕ್ಷೆಗೆ ಅಂಟಿಕೊಳ್ಳುವ ಕಪ್ಪು ಮಣ್ಣು ಧಾರವಾಡ, ಗದಗಿನ ಕಡೆಯವರಿಗೆ ಹೊಸತಲ್ಲ. ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಈ ಮಣ್ಣನ್ನು ಅಗೆದು ಹೊರಹಾಕಿದ ಮೇಲೆಯೇ ಮನೆಗೆ ತಳಪಾಯ. ಬಯಲು ದನಗಳ ಮೇವಿಗೆ ಒದಗಿದರೆ, ಉತ್ತರದ ಕಡೆಯ ನೆಲ ಕಾಫಿಗೆ ಒದಗಿತು. ನೆರೆಯ ಕಹಾವಾದ ಹೆಸರಿಗೆ ಸ್ವಾಹಿಲಿಯಲ್ಲಿ ಕಾಫಿಯೆಂದೇ ಅರ್ಥ. ಚಿಕ್ಕಮಗಳೂರಿನ ನಮ್ಮ 'ಕಾಫಿ'ಯೂ ಈ 'ಕಹಾವಾ'ವೂ ಒಂದೇ ಅರಬ್ಬಿ ಮೂಲದ ಪದಗಳು. ಕ್ಲೇ ಸಿಟಿಯೆಂಬ ಹೆಸರು ಇಟ್ಟಿಗೆ, ಹಂಚಿನ ಕಾರ್ಖಾನೆಯನ್ನು ನೆನಪಿಸುತ್ತದೆ.

ಆದರೆ ಈ ಭೂಮಿಯನ್ನು ಉಳುವ ಹಕ್ಕು ಯಾರದಾಗಿತ್ತು? ಮಾಸಾಯಿ ದನಗಾಹಿಗಳು ಮೇಯಿಸುತ್ತಿದ್ದ ಬಯಲುಗಳನ್ನು 1904ರ ಒಪ್ಪಂದದ ಮೂಲಕ ವಸಾಹತು ಸರ್ಕಾರ ತೆರವು ಮಾಡಿಸತೊಡಗಿತು. ಕಿಕುಯು ಕೃಷಿಕರನ್ನು ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಲಾಯಿತು. 1915ರ ಭೂಶಾಸನವು ಬಿಳಿಯ ವಲಸಿಗರಿಗೆ 999 ವರ್ಷಗಳ ಗೇಣಿಗೆ ದಾರಿಮಾಡಿತು. ಭಾರತೀಯರಿಗೂ ಇಲ್ಲಿ ಹೊಲ ಕೊಳ್ಳುವ ಅವಕಾಶವಿರಲಿಲ್ಲ; ಎತ್ತರದ ಪ್ರದೇಶ ಬಿಳಿಯರಿಗೇ ಮೀಸಲೆಂಬ ನೀತಿಯನ್ನು 1923ರ ಡೆವನ್‌ಶೈರ್ ಶ್ವೇತಪತ್ರ ಎತ್ತಿಹಿಡಿಯಿತು. ಪೂರ್ವ ಆಫ್ರಿಕಾದ ಭಾರತೀಯರು ವ್ಯಾಪಾರಿಗಳಾದದ್ದು ಅವರ ಸ್ವಭಾವದಿಂದಲೇ ಎಂದು ಹೇಳುವವರಿದ್ದಾರೆ. ಹೊಲದ ಬಾಗಿಲು ಮುಚ್ಚಿದ್ದುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

1963ರಲ್ಲಿ, ಸ್ವಾತಂತ್ರ್ಯದ ಹೊತ್ತಿಗೆ, ನಗರದ ಎಲ್ಲೆಯನ್ನು ಸುಮಾರು 690 ಚದರ ಕಿಲೋಮೀಟರಿಗೆ ವಿಸ್ತರಿಸಲಾಯಿತು. ಕಾಗದದಲ್ಲಿ ಊರು ನಗರವಾಯಿತು, ನೆಲದಲ್ಲಿ ಹೊಲ ಹೊಲವಾಗಿಯೇ ಉಳಿಯಿತು. ನಿಜವಾದ ಬದಲಾವಣೆ ತಂದವು ಭೂಖರೀದಿ ಸಂಘಗಳು. ಒಬ್ಬೊಬ್ಬರಾಗಿ ಎಕರೆ ಕೊಳ್ಳಲಾರದ ಸಣ್ಣ ರೈತರೂ ಕೂಲಿಕಾರರೂ ಪಾಲುಹಣ ಕೂಡಿಸಿ, ಬಿಳಿಯರು ಬಿಟ್ಟುಹೋಗುತ್ತಿದ್ದ ಎಸ್ಟೇಟುಗಳನ್ನು ಒಟ್ಟಾಗಿ ಕೊಂಡು, ಅನಂತರ ಪಾಲಿಗೆ ತಕ್ಕಂತೆ ಹಂಚಿಕೊಂಡರು. ನಗರದ ಈಶಾನ್ಯ ಅಂಚಿನ ಎಷ್ಟೋ ಬಡಾವಣೆಗಳು ಹುಟ್ಟಿದ್ದು ಹೀಗೆ. ಬೇಸಾಯಕ್ಕೆಂದು ಕೊಂಡ ನೆಲ ನಿವೇಶನಗಳಾಗಿ ಒಡೆಯಿತು. ಪಾಲುಪತ್ರವಿದ್ದೂ ಹಕ್ಕುಪತ್ರ ಸಿಗದವರ ತಕರಾರುಗಳೂ ಅಂದಿನಿಂದಲೇ ಬೆಳೆದವು. ಇಲ್ಲಿ ನಿವೇಶನ ಕೊಳ್ಳಬಯಸುವ ನಮ್ಮ ಸದಸ್ಯರು ದಾಖಲೆಯ ಮೂಲವನ್ನು ಕೆದಕಿ ನೋಡುವುದು ಲೇಸು.

1987ರಲ್ಲಿ ನಾಲ್ಕನೆಯ ಆಲ್ ಆಫ್ರಿಕಾ ಕ್ರೀಡಾಕೂಟಕ್ಕಾಗಿ ಚೀನಾದ ನೆರವಿನಿಂದ ಕ್ರೀಡಾಂಗಣ ಎದ್ದಿತು; 2012ರಲ್ಲಿ ಅಗಲಗೊಂಡ ಥಿಕಾ ಹೆದ್ದಾರಿ ಉದ್ಘಾಟನೆಯಾಯಿತು. ಮುಂದಿನದನ್ನು ನಾವೇ ಕಂಡಿದ್ದೇವೆ.

ಜನಸಂಖ್ಯೆಯ ಲೆಕ್ಕವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. 2019ರ ಜನಗಣತಿಯಲ್ಲಿ ಕಸರಾನಿ ಉಪಜಿಲ್ಲೆಯ ಜನ 7,80,656. ಆದರೆ ಆ ಉಪಜಿಲ್ಲೆಯಲ್ಲಿ ರೊಯ್ಸಾಂಬು, ಗಿತುರಾಯ್, ಕಹಾವಾ, ಕೊರೊಗೊಚೊಗಳೂ ಸೇರಿವೆ. ನಾವು ಕಸರಾನಿಯೆಂದೇ ಭಾವಿಸುವ ಮ್ವಿಕಿ ಅದೇ ಗಣತಿಯಲ್ಲಿ ನೆರೆಯ ಎನ್‌ಜಿರುವಿಗೆ ಸೇರಿದೆ. ಹಾಗಿದ್ದರೂ ಒಂದು ಹೋಲಿಕೆಯನ್ನು ಮಾಡದೆ ಇರಲಾಗದು: 1969ರ ಗಣತಿಯಲ್ಲಿ ಇಡೀ ನೈರೋಬಿಯ ಜನಸಂಖ್ಯೆ 5,09,286. ಅಂದಿನ ರಾಜಧಾನಿಯ ಒಂದೂವರೆ ಪಟ್ಟು ಜನ ಇಂದು ಈ ಒಂದು ಉಪಜಿಲ್ಲೆಯಲ್ಲಿದ್ದಾರೆ.

ಕಟ್ಟಡಗಳ ನಡುವೆ ಮಾರಾಟವಾಗದೆ ಉಳಿದ ಅಂಗೈಯಗಲದ ಜಾಗಗಳಲ್ಲಿ ಇನ್ನೂ ಮೆಕ್ಕೆಜೋಳ, ಸುಕುಮಾ ಸೊಪ್ಪು ಬೆಳೆಯುತ್ತವೆ. ಹತ್ತಾರು ಸಂಸಾರಗಳ ಬಾಡಿಗೆ ವಠಾರವನ್ನು ಇಲ್ಲಿನ ಜನ ಇಂದಿಗೂ 'ಪ್ಲಾಟ್' ಎಂದೇ ಕರೆಯುತ್ತಾರೆ.