ಸ್ಟ್ರಾಂಗ್ ಬಿಯರ್, ಸಪ್ಪೆ ಬಿಯರ್: ಲಂಡನ್ ಪ್ರೆಸ್ಸಿನಿಂದ ನಮ್ಮೂರ ವೈನ್ ಶಾಪಿನವರೆಗೆ

ಶನಿವಾರ ಬಟವಾಡೆ ಆದ ಸಂಜೆ ನಮ್ಮ ಕಡೆಯ ಯಾವುದಾದರೂ ವೈನ್ ಶಾಪಿನ ಮುಂದೆ ಐದು ನಿಮಿಷ ನಿಂತು ನೋಡಿ. ಬಿಯರ್ ಕೇಳುವವರಲ್ಲಿ ಹೆಚ್ಚಿನವರ ಬಾಯಲ್ಲಿ ಬರುವುದು ಒಂದೇ ಮಾತು, ‘ಒಂದ್ ಸ್ಟ್ರಾಂಗ್ ಕೊಡಿ’. ಗಾರೆ ಕೆಲಸದವರೊಬ್ಬರನ್ನು ಕೇಳಿದೆವು: ಯಾಕಣ್ಣಾ, ಸ್ಟ್ರಾಂಗೇ ಯಾಕೆ? ‘ಇನ್ನೊಂದು ಕುಡುದ್ರೆ ಏನ್ ಬಂತು? ದುಡ್ಡು ಹೆಚ್ಚುಕಮ್ಮಿ ಅಷ್ಟೇ. ದಿನಾ ಇಟ್ಟಿಗೆ ಹೊರೋ ಮೈಗೆ ಸ್ಟ್ರಾಂಗೇ ಸರಿ’ ಅಂದರು.

ಇದೇ ಮಾತನ್ನು ಸುಮಾರು 300 ವರ್ಷದ ಹಿಂದೆ ಲಂಡನ್ನಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಒಬ್ಬ ಕೆಲಸಗಾರ ಆಡಿದ್ದ. ಅದನ್ನು ಬರೆದಿಟ್ಟವನು ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿಗೂ ಕರೆಂಟಿಗೂ ಇರುವ ಸಂಬಂಧ ತೋರಿಸಿದ, ಅಮೆರಿಕ ದೇಶ ಕಟ್ಟಿದವರಲ್ಲಿ ಒಬ್ಬನಾದ ಅದೇ ಫ್ರಾಂಕ್ಲಿನ್. 1725ರ ಹೊತ್ತಿಗೆ ಅವನು ಇಪ್ಪತ್ತರ ಆಸುಪಾಸಿನ ಹುಡುಗ, ಲಂಡನ್ನಿನಲ್ಲಿ ಅಚ್ಚುಮೊಳೆಯ ಕೆಲಸಕ್ಕಿದ್ದ. ಆ ಪ್ರೆಸ್ಸಿನಲ್ಲಿ ಹತ್ತಿರತ್ತಿರ ಐವತ್ತು ಜನ ಕೆಲಸಗಾರರು. ಅವರಿಗೆ ಬಿಯರ್ ತಂದುಕೊಡಲೆಂದೇ ಹೆಂಡದಂಗಡಿಯ ಹುಡುಗನೊಬ್ಬ ಸದಾ ಅಲ್ಲೇ ಇರುತ್ತಿದ್ದ. ಫ್ರಾಂಕ್ಲಿನ್ ಜೊತೆಗಿದ್ದವನ ದಿನಚರಿ ಕೇಳಿ: ತಿಂಡಿಗೆ ಮುಂಚೆ ಒಂದು ಪೈಂಟು, ತಿಂಡಿಯ ಜೊತೆ ಒಂದು, ತಿಂಡಿಗೂ ಊಟಕ್ಕೂ ನಡುವೆ ಒಂದು, ಊಟಕ್ಕೆ ಒಂದು, ಸಂಜೆ ಆರಕ್ಕೆ ಒಂದು, ಕೆಲಸ ಮುಗಿದ ಮೇಲೆ ಇನ್ನೊಂದು. ಪೈಂಟು ಅಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ಗಟ್ಟಿ ಕೆಲಸ ಮಾಡಬೇಕಾದರೆ ಗಟ್ಟಿ ಬಿಯರೇ ಬೇಕು ಅನ್ನುವುದು ಅವನ ವಾದ.

ಫ್ರಾಂಕ್ಲಿನ್ ಕುಡಿಯುತ್ತಿದ್ದದ್ದು ಬರೀ ನೀರು. ಉಳಿದವರು ಎರಡು ಕೈ ಹಿಡಿದು ಒಂದು ಅಚ್ಚಿನ ಫಾರಂ ಎತ್ತಿದರೆ, ಇವನು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಬಿಯರಿನಲ್ಲಿ ಶಕ್ತಿ ಇದ್ದರೆ ಅದು ಅದರಲ್ಲಿ ಕರಗಿರುವ ಕಾಳಿನದ್ದು ತಾನೇ, ಒಂದು ಪೆನ್ನಿಯ ಬ್ರೆಡ್ಡಿನಲ್ಲಿ ಅದಕ್ಕಿಂತ ಜಾಸ್ತಿ ಹಿಟ್ಟಿದೆ ಅಂತ ಲೆಕ್ಕ ಹೇಳಿದ. ಗೆಳೆಯ ಒಪ್ಪಲಿಲ್ಲ. ಪ್ರತಿ ಶನಿವಾರ ರಾತ್ರಿ ಅವನ ಕೂಲಿಯಲ್ಲಿ ನಾಲ್ಕೈದು ಶಿಲ್ಲಿಂಗ್ ಬಿಯರ್ ಬಾಕಿಗೇ ಹೋಗುತ್ತಿತ್ತು. ಕೊನೆಗೆ ಕೆಲವರನ್ನು ಮಾತ್ರ ಫ್ರಾಂಕ್ಲಿನ್ ತನ್ನ ದಾರಿಗೆ ತಂದ. ಯಾವುದರಿಂದ ಗೊತ್ತೇ? ಗಂಜಿಯಿಂದ! ಬಿಸಿ ಗಂಜಿ, ಮೇಲೆ ಕಾಳುಮೆಣಸಿನ ಪುಡಿ, ಬ್ರೆಡ್ ಚೂರು, ಸ್ವಲ್ಪ ಬೆಣ್ಣೆ. ಬೆಲೆ ಒಂದು ಪೈಂಟ್ ಬಿಯರಿನಷ್ಟೇ.

ಈ ಕಥೆಯಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಈಗ ದೊಡ್ಡ ಊರುಗಳ ಬಿಯರ್ ಪ್ರಿಯರು ‘ಸೆಷನ್ ಬಿಯರ್’ ಅಂತ ಒಂದನ್ನು ಹೊಗಳುತ್ತಾರೆ. ಸೆಷನ್ ಅಂದರೆ ಒಂದು ಬೈಠಕ್. ಗೆಳೆಯರ ಜೊತೆ ಕೂತು, ಹರಟುತ್ತಾ ಎರಡು ಮೂರು ಲೋಟ ಕುಡಿದರೂ ತಲೆ ನೆಟ್ಟಗಿರಬೇಕು, ಹಾಗೆ ಕಡಿಮೆ ಮದ್ಯಾಂಶ ಇಟ್ಟು ಮಾಡಿದ ಬಿಯರ್. ಇಂಗ್ಲೆಂಡಿನಲ್ಲಿ ಶೇ 4ರ ಒಳಗಿದ್ದರೆ ಅದಕ್ಕೆ ಆ ಹೆಸರು ಸಲ್ಲುತ್ತದೆ. ಕೇಳಿದರೆ ಇದೇನೋ ಶ್ರೀಮಂತರ ಶೋಕಿ ಅನ್ನಿಸಬಹುದು. ಆದರೆ ಅದರ ಬೇರು ಇರುವುದು ಕೂಲಿಯವರ ಹೊಲದಲ್ಲಿ, ಗಣಿಯಲ್ಲಿ, ಸರ್ಕಾರದ ಸುಂಕದ ಪುಸ್ತಕದಲ್ಲಿ.

ಮೊದಲು ಬಿಯರ್ ಹೇಗಾಗುತ್ತದೆ ಅಂತ ನೋಡೋಣ. ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಸರಿ ಹಿಟ್ಟು ಮಾಡುತ್ತಾರಲ್ಲ, ಬಾರ್ಲಿಗೂ ಹಾಗೇ ಮಾಡುತ್ತಾರೆ. ಅದಕ್ಕೆ ಮಾಲ್ಟ್ ಅನ್ನುತ್ತಾರೆ. ಮಾಲ್ಟನ್ನು ನುಚ್ಚು ಮಾಡಿ ಬಿಸಿ ನೀರಿನಲ್ಲಿ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ನೀರನ್ನು ಸೋಸಿ, ಹಾಪ್ಸ್ ಅನ್ನುವ ಬಳ್ಳಿಯ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರ ಮಾಡುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಬಿಯರ್ ಸ್ಟ್ರಾಂಗ್.

ಹಳೆಯ ಇಂಗ್ಲೆಂಡಿನಲ್ಲಿ ಒಂದೇ ಮಾಲ್ಟಿನಿಂದ ಎರಡು ಮೂರು ಸಲ ನೀರು ತೆಗೆಯುತ್ತಿದ್ದರು. ಫಿಲ್ಟರ್ ಕಾಫಿಯ ಮೊದಲ ಡಿಕಾಕ್ಷನ್, ಎರಡನೇ ಡಿಕಾಕ್ಷನ್ ಇದ್ದಂತೆ. ಮೊದಲ ನೀರಿನದ್ದು ಗಟ್ಟಿ ಬಿಯರ್, ಹಬ್ಬಕ್ಕೆ, ಯಜಮಾನರಿಗೆ. ಕೊನೆಯದ್ದು ‘ಸ್ಮಾಲ್ ಬಿಯರ್’, ಅಂದರೆ ತೆಳು ಬಿಯರ್. ಅದು ಆಳುಕಾಳುಗಳಿಗೆ, ಹೆಂಗಸರಿಗೆ, ಮಕ್ಕಳಿಗೂ ಕೂಡ. ಸುಗ್ಗಿಯಲ್ಲಿ ಹೊಲದ ಆಳುಗಳಿಗೆ ಬಿಯರೋ, ಸೇಬಿನ ರಸದಿಂದ ಮಾಡಿದ ಸೈಡರೋ ಕೂಲಿಯ ಒಂದು ಭಾಗವಾಗಿಯೇ ಸಲ್ಲುತ್ತಿತ್ತು. ಕೊಡುವವರಿಗೆ ಅನುಕೂಲ: ದುಡ್ಡು ಕಡಿಮೆ ಕೊಟ್ಟರಾಯಿತು. ಕಡೆಗೆ 1887ರಲ್ಲಿ ಕಾನೂನು ತಂದು, ಹೊಲದ ಕೆಲಸಗಾರರಿಗೆ ಕೂಲಿಯ ಬದಲು ಮದ್ಯ ಕೊಡಬಾರದು ಅಂತ ನಿಲ್ಲಿಸಬೇಕಾಯಿತು. ನಮ್ಮ ಅಜ್ಜಂದಿರ ಕಾಲದ ಮಾತು ಕೇಳಿದವರಿಗೆ ಇದು ದೂರದ ದೇಶದ ಕಥೆ ಅನ್ನಿಸಲಿಕ್ಕಿಲ್ಲ.

ಇನ್ನು ಸುಂಕಕ್ಕೆ ಬರೋಣ. 1880ರಲ್ಲಿ ಬ್ರಿಟನ್ನಿನ ಪ್ರಧಾನಿ ಗ್ಲಾಡ್‌ಸ್ಟನ್ ಮಾಲ್ಟಿನ ಮೇಲಿದ್ದ ತೆರಿಗೆ ತೆಗೆದು, ಹುಳಿ ಬರುವ ಮೊದಲು ಆ ಸಿಹಿ ನೀರು ಎಷ್ಟು ಗಟ್ಟಿ ಇದೆ ಅಂತ ಅಳೆದು ಸುಂಕ ಹಾಕುವ ಪದ್ಧತಿ ತಂದರು. ನೀರಿಗಿಂತ ಎಷ್ಟು ಭಾರ ಅನ್ನುವುದೇ ಅಳತೆ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಾರಲ್ಲ, ಅದೇ ತರಹದ ಒಂದು ಉಪಕರಣ. ಗಟ್ಟಿ ಇದ್ದಷ್ಟೂ ಸುಂಕ ಹೆಚ್ಚು. ಆಗ ಯಾರಿಗೂ ದೊಡ್ಡದಾಗಿ ಕಾಣದ ಈ ಬದಲಾವಣೆ ಮೂವತ್ತನಾಲ್ಕು ವರ್ಷದ ನಂತರ ಕೆಲಸಕ್ಕೆ ಬಂತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಆಗ ಹಣಕಾಸು ಸಚಿವರಾಗಿದ್ದವರು ಲಾಯ್ಡ್ ಜಾರ್ಜ್. ಅದೇ ನವೆಂಬರಿನಲ್ಲಿ ಒಂದು ಬ್ಯಾರೆಲ್ ಬಿಯರಿನ ಸುಂಕವನ್ನು 7 ಶಿಲ್ಲಿಂಗ್ 9 ಪೆನ್ಸಿನಿಂದ ಒಂದೇ ಏಟಿಗೆ 23 ಶಿಲ್ಲಿಂಗಿಗೆ ಏರಿಸಿದರು. ಮದ್ದುಗುಂಡಿನ ಕಾರ್ಖಾನೆ, ಹಡಗುಕಟ್ಟೆಗಳಲ್ಲಿ ಕುಡಿದು ಕೆಲಸಕ್ಕೆ ಬಾರದವರಿಂದ ಯುದ್ಧಕ್ಕೇ ಪೆಟ್ಟು ಬೀಳುತ್ತಿದೆ, ಜರ್ಮನಿಗಿಂತ ಕುಡಿತವೇ ದೊಡ್ಡ ಶತ್ರು ಅಂತ ಭಾಷಣ ಮಾಡಿದರು. ಐದನೇ ಜಾರ್ಜ್ ದೊರೆಯೇ ಯುದ್ಧ ಮುಗಿಯುವವರೆಗೆ ಅರಮನೆಯಲ್ಲಿ ಮದ್ಯ ಇಲ್ಲ ಅಂತ ಘೋಷಿಸಿದ. ಮಂತ್ರಿಗಳೆಲ್ಲ ಅವನ ಹಿಂದೆ ಬರಲಿಲ್ಲ ಅನ್ನುವುದು ಬೇರೆ ಮಾತು.

1915ರಲ್ಲಿ ಮದ್ಯ ನಿಯಂತ್ರಣಕ್ಕೇ ಒಂದು ಮಂಡಳಿ ಬಂತು. ಲಂಡನ್ನಿನ ಪಬ್ಬುಗಳು ಯುದ್ಧಕ್ಕೆ ಮುಂಚೆ ಬೆಳಗಿನ ಜಾವ 5ಕ್ಕೆ ತೆರೆದು ನಡುರಾತ್ರಿ 12.30ಕ್ಕೆ ಮುಚ್ಚುತ್ತಿದ್ದವು. ಮಂಡಳಿ ಅದನ್ನು ದಿನಕ್ಕೆ ಐದೂವರೆ ಗಂಟೆಗೆ ಇಳಿಸಿತು, ಮಧ್ಯಾಹ್ನ ಸ್ವಲ್ಪ, ಸಂಜೆ ಸ್ವಲ್ಪ. ಇನ್ನೊಂದು ಆಜ್ಞೆ ನಮಗೆ ಬಹಳ ಇಷ್ಟವಾಯಿತು: ಒಬ್ಬರು ಇನ್ನೊಬ್ಬರಿಗೆ ಕುಡಿಸುವಂತಿಲ್ಲ! ಪಾರ್ಟಿ ಕೊಡುವುದೇ ಅಪರಾಧ. ಅವರವರ ಲೋಟಕ್ಕೆ ಅವರವರೇ ದುಡ್ಡು ಕೊಡಬೇಕು. ನಮ್ಮ ಕಡೆ ಚುನಾವಣೆ ಹೊತ್ತಿನಲ್ಲಿ ಇಂಥ ಆಜ್ಞೆ ನೆಟ್ಟಗೆ ಜಾರಿಯಾದರೆ ಏನಾಗುತ್ತದೆ ಅಂತ ಯೋಚಿಸಿ ನಕ್ಕೆವು.

ಜರ್ಮನ್ ಸಬ್‌ಮರೀನುಗಳು ಧಾನ್ಯದ ಹಡಗುಗಳನ್ನು ಮುಳುಗಿಸುತ್ತಿದ್ದವು. ಬಾರ್ಲಿ ಬ್ರೆಡ್ಡಿಗೆ ಬೇಕಾಯಿತು. ಹಾಗಾಗಿ 1917ರಲ್ಲಿ ಬಿಯರ್ ತಯಾರಿಕೆಗೂ ಬಿಗಿ ಮಿತಿ ಬಂತು. ಒಂದು ಕಡೆ ಗಟ್ಟಿತನಕ್ಕೆ ತಕ್ಕ ಸುಂಕ, ಇನ್ನೊಂದು ಕಡೆ ಧಾನ್ಯವಿಲ್ಲ. ಬಿಯರ್ ಮಾಡುವವರಿಗೆ ಉಳಿದಿದ್ದು ಒಂದೇ ದಾರಿ, ತೆಳು ಮಾಡುವುದು. 1914ರಲ್ಲಿ ಸರಾಸರಿ ಶೇ 5ರಷ್ಟಿದ್ದ ಮದ್ಯಾಂಶ ಯುದ್ಧ ಮುಗಿಯುವ ಹೊತ್ತಿಗೆ ಶೇ 3ರ ಹತ್ತಿರ ಬಂತು. ಜನ ಅದನ್ನು ‘ಸರ್ಕಾರಿ ಬಿಯರ್’ ಅಂತ ಆಡಿಕೊಂಡರು. ನಾಟಕದ ಕಂಪನಿಯವರು ಲಾಯ್ಡ್ ಜಾರ್ಜ್ ಬಿಯರಿನ ಮೇಲೆ ಹಾಡು ಕಟ್ಟಿ ಹಾಸ್ಯ ಮಾಡಿದರು. ಕಾರ್ಮಿಕರ ಅಸಮಾಧಾನದ ಬಗ್ಗೆ 1917ರಲ್ಲಿ ತನಿಖೆ ಮಾಡಿದ ಆಯೋಗದ ಮುಂದೆ ಬಂದ ದೂರುಗಳಲ್ಲಿ ಬಿಯರ್ ಸಿಗದಿರುವುದೂ ಒಂದು.

ಫಲ ಏನಾಯಿತು? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕುಡಿದು ಗಲಾಟೆ ಮಾಡಿದ್ದಕ್ಕೆ ಶಿಕ್ಷೆಯಾದ ಪ್ರಕರಣಗಳು 1913ರಲ್ಲಿ ಸುಮಾರು 1.88 ಲಕ್ಷ. 1918ರಲ್ಲಿ ಸುಮಾರು 29 ಸಾವಿರ. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರಲ್ಲ, ಇಳಿಯದೆ ಇನ್ನೇನು ಅಂತ ನೀವು ಕೇಳಬಹುದು. ನಮಗೂ ಅದೇ ಅನುಮಾನ ಬಂತು. ಆದರೆ ಊರಲ್ಲೇ ಇದ್ದ ಹೆಂಗಸರ ಮೇಲಿನ ಪ್ರಕರಣಗಳೂ ಭಾರಿ ಇಳಿದಿದ್ದವು. ಆಗ ಹೆಂಗಸರ ಕೈಯಲ್ಲಿ ಕಾರ್ಖಾನೆಯ ಸಂಬಳ ಮೊದಲಿಗಿಂತ ಜಾಸ್ತಿಯೇ ಓಡಾಡುತ್ತಿತ್ತು. ಗಂಟೆ ಕಡಿಮೆ, ಬೆಲೆ ಜಾಸ್ತಿ, ಬಿಯರ್ ತೆಳು. ಮೂರರಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದು, ಮೂರೂ ಒಟ್ಟಿಗೇ ಬಂದವು. ಆದರೆ ಒಂದು ಗಮನಿಸಿ: ಯಾರೂ ಪೂರ್ತಿ ಬಂದ್ ಮಾಡಲಿಲ್ಲ. 1920ರಲ್ಲಿ ಅಮೆರಿಕ ಪೂರ್ತಿ ಬಂದ್ ಮಾಡಿ, ಕಳ್ಳಭಟ್ಟಿ, ಗ್ಯಾಂಗುಗಳನ್ನು ಸಾಕಿಕೊಂಡು, 1933ರಲ್ಲಿ ಕೈಚೆಲ್ಲಿತು.

ಯುದ್ಧ ಮುಗಿದರೂ ಸುಂಕ ಇಳಿಯಲಿಲ್ಲ, 1920ಕ್ಕೆ 100 ಶಿಲ್ಲಿಂಗ್ ಆಯಿತು. ಮಧ್ಯಾಹ್ನ ಪಬ್ ಮುಚ್ಚುವ ನಿಯಮ 1988ರವರೆಗೂ ಉಳಿಯಿತು. ತೆಳು ಬಿಯರೂ ಉಳಿಯಿತು. ಮೊದಲು ಬೈದವರೇ ಅದಕ್ಕೆ ಒಗ್ಗಿಕೊಂಡರು. ಕಲ್ಲಿದ್ದಲ ಗಣಿಯವರು, ಉಕ್ಕಿನ ಕುಲುಮೆಯವರು ಪಾಳಿ ಮುಗಿಸಿ ಬಂದು ಕುಡಿಯುತ್ತಿದ್ದ ‘ಮೈಲ್ಡ್’ ಅನ್ನುವ ಕಂದು ಬಿಯರಿನಲ್ಲಿ ಮದ್ಯಾಂಶ ಶೇ 3ರಿಂದ 3.5. ಬೆವರು ಸುರಿಸಿ ಬಂದವನಿಗೆ ಬೇಕಿದ್ದದ್ದು ದಾಹಕ್ಕೆ ನಾಲ್ಕು ಲೋಟ, ಜೊತೆಗೆ ಮಾತು. ಮಾರನೇ ದಿನ ಮತ್ತೆ ಗಣಿಗೆ ಇಳಿಯಬೇಕಲ್ಲ. ‘ಸೆಷನ್’ ಅನ್ನುವ ಹೆಸರು ಯುದ್ಧಕಾಲದ ಆ ಮಧ್ಯಾಹ್ನ, ಸಂಜೆಯ ಪಾಳಿಗಳಿಂದ ಬಂತು ಅಂತ ಒಂದು ಕಥೆ ಓಡಾಡುತ್ತದೆ. ಕಥೆ ಚೆನ್ನಾಗಿದೆ, ಸಾಕ್ಷಿ ಇಲ್ಲ. ಆ ಹೆಸರು ಚಾಲ್ತಿಗೆ ಬಂದದ್ದು ಬಹಳ ತಡವಾಗಿ.

ನಂತರದ ಕಥೆ ಬೇಗ ಹೇಳಿ ಮುಗಿಸಬಹುದು. ದೊಡ್ಡ ಕಂಪನಿಗಳು ಗ್ಯಾಸ್ ತುಂಬಿದ, ಎಲ್ಲಾ ಕಡೆ ಒಂದೇ ರುಚಿಯ ಬಿಯರ್ ತಂದಾಗ, 1971ರಲ್ಲಿ ನಾಲ್ವರು ಗೆಳೆಯರು ಸೇರಿ ‘ಕ್ಯಾಮ್ರಾ’ ಅನ್ನುವ ಗ್ರಾಹಕರ ಸಂಘ ಕಟ್ಟಿ ಹಳೆಯ ಬಿಯರನ್ನು ಉಳಿಸಲು ಹೊರಟರು. ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಇಡೀ ದೇಶಕ್ಕೆ ನೂರಕ್ಕಿಂತ ಕಡಿಮೆ ಬಿಯರ್ ಕಾರ್ಖಾನೆಗಳು ಉಳಿದಿದ್ದವು. 1978ರಲ್ಲಿ ಅಧ್ಯಕ್ಷ ಕಾರ್ಟರ್ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ದಾರಿ ಮಾಡುವ ಮಸೂದೆಗೆ ಸಹಿ ಹಾಕಿದರು. ಮನೆಯಲ್ಲಿ ಕಲಿತವರು ಸಣ್ಣ ಸಣ್ಣ ಕಾರ್ಖಾನೆ ತೆರೆದರು. ಅದೇ ಕ್ರಾಫ್ಟ್ ಬಿಯರ್. ಅವರ ಕೈಯಲ್ಲಿ ಹೆಸರು ಮಾಡಿದ್ದು ಇಂಡಿಯಾ ಪೇಲ್ ಏಲ್, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಲಂಡನ್ನಿನಿಂದ ನಮ್ಮ ದೇಶದ ಬಂದರುಗಳಿಗೆ, ಇಲ್ಲಿದ್ದ ಬಿಳಿಯರಿಗಾಗಿ ಬರುತ್ತಿದ್ದ ಕಹಿ ಬಿಯರ್. ಯಾರು ಹೆಚ್ಚು ಕಹಿ, ಯಾರು ಹೆಚ್ಚು ಸ್ಟ್ರಾಂಗ್ ಅಂತ ಪೈಪೋಟಿ ಬಿದ್ದು ಶೇ 8, 9 ದಾಟಿತು. ಒಂದು ಲೋಟಕ್ಕೇ ಮಾತು ತೊದಲುತ್ತದೆ ಅಂತಾದಾಗ ಅಲ್ಲಿಯವರೂ ಸೆಷನ್ ಬಿಯರಿನ ಕಡೆ ತಿರುಗಿದರು.

ತೆಳು ಬಿಯರ್ ಅಂದರೆ ನೀರು ಬೆರೆಸಿದ್ದಲ್ಲ. ನಿಜವಾಗಿ ಅದನ್ನು ಮಾಡುವುದೇ ಕಷ್ಟ. ಸ್ಟ್ರಾಂಗ್ ಬಿಯರಿನಲ್ಲಿ ಸಣ್ಣಪುಟ್ಟ ತಪ್ಪು ಮದ್ಯದ ಖಾರದಡಿ ಮುಚ್ಚಿಹೋಗುತ್ತದೆ. ಇದರಲ್ಲಿ ಎಲ್ಲ ಬಯಲು. ಮಾಲ್ಟ್ ನೆನೆಸುವ ನೀರನ್ನು 62–65 ಡಿಗ್ರಿಯ ಬದಲು 68ರ ಆಸುಪಾಸಿನಲ್ಲಿ ಇಡುತ್ತಾರೆ. ಆಗ ಯೀಸ್ಟ್ ತಿನ್ನಲಾಗದ ಒಂದಿಷ್ಟು ಸಕ್ಕರೆ ಉಳಿದು, ಮದ್ಯ ಕಡಿಮೆ ಇದ್ದರೂ ಬಾಯಿಗೆ ದಪ್ಪ ಅನ್ನಿಸುತ್ತದೆ.

ಬ್ರಿಟನ್ 2023ರ ಆಗಸ್ಟಿನಲ್ಲಿ ಮತ್ತೆ ಸುಂಕ ಬದಲಿಸಿತು. ಶೇ 3.5ಕ್ಕಿಂತ ಕಡಿಮೆ ಇದ್ದರೆ, ಅದರಲ್ಲಿರುವ ಮದ್ಯಸಾರದ ಮೇಲಿನ ಸುಂಕದ ದರ ಅರ್ಧಕ್ಕಿಂತಲೂ ಕಡಿಮೆ. ಕಂಪನಿಗಳು ತಮ್ಮ ಹಳೇ ಬಿಯರುಗಳನ್ನು ಒಂದೊಂದಾಗಿ ಶೇ 3.4ಕ್ಕೆ ತಂದು ನಿಲ್ಲಿಸಿದವು. ಉಪದೇಶಕ್ಕೆ ಬಗ್ಗದವರು ಲೆಕ್ಕಕ್ಕೆ ಬಗ್ಗಿದರು.

ಈಗ ನಮ್ಮ ಲೆಕ್ಕ. ದಕ್ಷಿಣ ಭಾರತದ ಐದು ಸಣ್ಣ ಬಿಯರ್ ಕಾರ್ಖಾನೆಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಶುರುವಾದದ್ದು 1915ರಲ್ಲಿ, ಲಂಡನ್ನಿನಲ್ಲಿ ಆ ಮಂಡಳಿ ಬಂದ ವರ್ಷವೇ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ಬಿಟ್ಟವರೆಲ್ಲ ಕುಡಿತ ಬಿಡಲಿಲ್ಲ, ಅಂಗಡಿ ಬದಲಿಸಿದರು, ಅದು ನಿಮಗೂ ಗೊತ್ತು. 2010ರ ಆಸುಪಾಸಿನಿಂದ ಬೆಂಗಳೂರಿನಲ್ಲಿ ಅಲ್ಲೇ ಬಿಯರ್ ಮಾಡಿ ಅಲ್ಲೇ ಮಾರುವ ಪಬ್ಬುಗಳು ಬಂದವು, ಬಗೆಬಗೆಯ ತೆಳು ಬಿಯರೂ ಅಲ್ಲಿ ಸಿಗುತ್ತದೆ. ಹಳ್ಳಿಗೆ ಬಂದದ್ದು ಸ್ಟ್ರಾಂಗ್ ಒಂದೇ.

650 ಮಿಲಿ ಬಾಟಲಿ, ಶೇ 8 ಅಂದರೆ 52 ಮಿಲಿ ಶುದ್ಧ ಮದ್ಯಸಾರ. ವಿಸ್ಕಿಯ ಒಂದು ಲಾರ್ಜ್, 60 ಮಿಲಿಯಲ್ಲಿ ಇರುವುದು ಸುಮಾರು 26. ಅಂದರೆ ‘ಬಿಯರ್ ಅಷ್ಟೇ ಕಣಮ್ಮ’ ಅಂತ ಮನೆಯಲ್ಲಿ ಹೇಳುವ ಒಂದು ಬಾಟಲಿ ಎರಡು ಲಾರ್ಜಿಗೆ ಸಮ. ಗಣಿ ಕಾರ್ಮಿಕನ ಒಂದು ಪೈಂಟ್ ಮೈಲ್ಡಿನಲ್ಲಿ ಇದ್ದದ್ದು 20 ಮಿಲಿ. ಅವನೂ ನಾಲ್ಕು ಕುಡಿದರೆ 80 ಆಗುತ್ತದೆ, ತೆಳು ಬಿಯರೇನು ಟಾನಿಕ್ ಅಲ್ಲ. ಆದರೆ ಅವನಿಗೆ ಒಂದಕ್ಕೋ ಎರಡಕ್ಕೋ ಎದ್ದು ಹೋಗುವ ಅವಕಾಶ ಇತ್ತು.

2025ರ ಜನವರಿಯಲ್ಲಿ ನಮ್ಮ ರಾಜ್ಯ ಶೇ 5ರಲ್ಲಿ ಒಂದು ಗೆರೆ ಎಳೆದು, ಅದರೊಳಗಿನ ಬಿಯರಿಗೆ ಲೀಟರಿಗೆ 12 ರೂಪಾಯಿ, ಮೇಲಿನದಕ್ಕೆ 20 ರೂಪಾಯಿ ಅಬಕಾರಿ ಸುಂಕ ಮಾಡಿತು. ಆದರೆ ದೊಡ್ಡ ಹೊರೆ ಇದ್ದದ್ದು ಇದರ ಮೇಲೆ ಬೀಳುವ ಹೆಚ್ಚುವರಿ ಸುಂಕದಲ್ಲಿ, ಅದಕ್ಕೆ ಮದ್ಯಾಂಶದ ಗೆರೆ ಇರಲಿಲ್ಲ. ಎಂಟು ರೂಪಾಯಿಯ ವ್ಯತ್ಯಾಸ ಅಂಗಡಿಯ ಕಿಟಕಿಗೆ ಬರುವಷ್ಟರಲ್ಲಿ ಯಾರ ಕಣ್ಣಿಗೂ ಬೀಳದಷ್ಟು ಸಣ್ಣದಾಗುತ್ತಿತ್ತು.

ಇದನ್ನು ಬರೆಯುವ ಮುಂಚೆ ನಮ್ಮಲ್ಲೊಬ್ಬರು ಅದೇ ವೈನ್ ಶಾಪಿಗೆ ಹೋಗಿ ಸ್ಟ್ರಾಂಗ್ ಅಲ್ಲದ ಬಿಯರ್ ಇದೆಯೇ ಅಂತ ಕೇಳಿದರು. ಅಂಗಡಿಯವರು ಫ್ರಿಜ್ಜಿನ ಹಿಂದಕ್ಕೆ ಕೈ ಹಾಕಿ ಒಂದು ಬಾಟಲಿ ತೆಗೆದು, ಧೂಳು ಒರೆಸಿ, ಡೇಟು ನೋಡಿದರು. ‘ಇದನ್ನ ಕೇಳೋರೇ ಇಲ್ಲ ಸಾರ್. ಯಾರಿಗೆ, ಹುಷಾರಿಲ್ಲದೋರಿಗಾ?’ ಅಂದರು.